ವಿದೇಶದಲ್ಲಿ ಓದಲು ಕೇಂದ್ರದ ಸ್ಕಾಲರ್‌ಶಿಪ್: ಅಂಕ ಇದ್ದರೂ ಅರ್ಜಿ ಬೀಳುವುದೆಲ್ಲಿ? ತಯಾರಿ ಯಾವಾಗ ಶುರು ಮಾಡಬೇಕು?

ಮೊದಲು ಒಂದು ಲೆಕ್ಕ ನೋಡಿ. ವಿದೇಶಿ ವಿಶ್ವವಿದ್ಯಾಲಯಗಳಲ್ಲಿ ಓದಲು ಕೇಂದ್ರ ಸರ್ಕಾರ ಕೊಡುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ 2025-26ನೇ ಸಾಲಿನಲ್ಲಿ 440 ಅರ್ಜಿಗಳು ಬಂದಿದ್ದವು. ಜುಲೈನಲ್ಲಿ ಫಲಿತಾಂಶ ಹೊರಬಿದ್ದಾಗ ಆಯ್ಕೆಯಾದವರು 106 ಮಂದಿ. ಆಯ್ಕೆಯಾಗದವರ ಪಟ್ಟಿಯಲ್ಲಿದ್ದವರು 64 ಮಂದಿ. ಉಳಿದ 270 ಅರ್ಜಿಗಳು ತಿರಸ್ಕೃತವಾಗಿದ್ದವು.

ಅಂದರೆ ಪೈಪೋಟಿಯಲ್ಲಿ ಹಿಂದೆ ಬಿದ್ದವರಿಗಿಂತ, ಪೈಪೋಟಿಗೆ ಇಳಿಯುವ ಮೊದಲೇ ಹೊರಗುಳಿದವರು ನಾಲ್ಕು ಪಟ್ಟು ಹೆಚ್ಚು. ಯೋಜನೆಯಲ್ಲಿ ಇರುವ ಸ್ಥಾನಗಳು 125. ಆ ಪಟ್ಟಿಯಲ್ಲಿ ಅಷ್ಟೂ ತುಂಬಿರಲಿಲ್ಲ.

ಈ ಯೋಜನೆಗೆ ಅರ್ಜಿ ಹಾಕುವುದು ಪ್ರಕಟಣೆ ಬಂದ ಮೇಲೆ ಮಾಡುವ ಕೆಲಸ ಎಂದು ಬಹುತೇಕರು ತಿಳಿದಿರುತ್ತಾರೆ. ವಾಸ್ತವದಲ್ಲಿ ಪೋರ್ಟಲ್ ತೆರೆಯುವ ಹೊತ್ತಿಗೆ ಮುಕ್ಕಾಲು ಪಾಲು ಕೆಲಸ ಮುಗಿದಿರಬೇಕು. ಯಾವ ಕಾಗದ ಯಾವಾಗ ಬೇಕು, ಎಲ್ಲಿ ಎಡವುವ ಸಾಧ್ಯತೆ ಇದೆ, ಕರ್ನಾಟಕದ ಹೊರಗೆ ನೆಲೆಸಿರುವ ಕನ್ನಡಿಗ ಕುಟುಂಬಗಳು ಏನನ್ನು ವಿಶೇಷವಾಗಿ ಗಮನಿಸಬೇಕು ಎಂಬ ವಿವರ ಇಲ್ಲಿದೆ.

ಯಾರಿಗೆ ಈ ಯೋಜನೆ?

1913ರಲ್ಲಿ ಬರೋಡಾ ಸಂಸ್ಥಾನದ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದಲೇ ಡಾ. ಬಿ.ಆರ್. ಅಂಬೇಡ್ಕರ್ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋಗಲು ಸಾಧ್ಯವಾಯಿತು. ಸ್ವಾತಂತ್ರ್ಯಾನಂತರ, 1954-55ರಲ್ಲಿ ಕೇಂದ್ರ ಸರ್ಕಾರ ಈ ಸಾಗರೋತ್ತರ ವಿದ್ಯಾರ್ಥಿವೇತನವನ್ನು ಆರಂಭಿಸಿತು. ಈಗ ಇದನ್ನು ನಡೆಸುತ್ತಿರುವುದು ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯ.

125 ಸ್ಥಾನಗಳಲ್ಲಿ 115 ಪರಿಶಿಷ್ಟ ಜಾತಿಯವರಿಗೆ, 6 ವಿಮುಕ್ತ, ಅಲೆಮಾರಿ ಮತ್ತು ಅರೆ ಅಲೆಮಾರಿ ಸಮುದಾಯಗಳಿಗೆ, 4 ಭೂರಹಿತ ಕೃಷಿ ಕಾರ್ಮಿಕರು ಹಾಗೂ ಸಾಂಪ್ರದಾಯಿಕ ಕುಶಲಕರ್ಮಿಗಳ ಕುಟುಂಬದವರಿಗೆ ಮೀಸಲು. ಒಟ್ಟಾರೆ ಶೇ. 30ರಷ್ಟು ಮಹಿಳೆಯರಿಗೆ ಕಾದಿರಿಸಲಾಗಿದೆ.

ಮುಖ್ಯ ಅರ್ಹತೆಗಳು ಹೀಗಿವೆ:

* ಸ್ನಾತಕೋತ್ತರ ಪದವಿ ಅಥವಾ ಪಿಎಚ್‌ಡಿಗೆ ಮಾತ್ರ ಅನ್ವಯ. ವಿದೇಶದಲ್ಲಿ ಪದವಿ ಓದಲು ಈ ಯೋಜನೆಯಲ್ಲಿ ಹಣ ಸಿಗುವುದಿಲ್ಲ.
* ಅರ್ಹತಾ ಪರೀಕ್ಷೆಯಲ್ಲಿ ಕನಿಷ್ಠ ಶೇ. 60 ಅಂಕ ಇರಬೇಕು. ಸ್ನಾತಕೋತ್ತರಕ್ಕೆ ಹೋಗುವವರಿಗೆ ಪದವಿಯ ಅಂಕ, ಪಿಎಚ್‌ಡಿಗೆ ಹೋಗುವವರಿಗೆ ಸ್ನಾತಕೋತ್ತರದ ಅಂಕ.
* ಆಯ್ಕೆ ವರ್ಷದ ಏಪ್ರಿಲ್ 1ಕ್ಕೆ ವಯಸ್ಸು 35 ದಾಟಿರಬಾರದು.
* ಎಲ್ಲ ಮೂಲಗಳಿಂದ ಬರುವ ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರಬಾರದು.
* ಪ್ರವೇಶ ಸಿಕ್ಕಿರುವ ವಿಶ್ವವಿದ್ಯಾಲಯ ಕ್ಯೂಎಸ್ ಜಾಗತಿಕ ಶ್ರೇಯಾಂಕದ ಮೊದಲ 500ರೊಳಗೆ ಇರಬೇಕು.
* ಒಂದೇ ತಂದೆ-ತಾಯಿಯ ಇಬ್ಬರು ಮಕ್ಕಳಿಗಿಂತ ಹೆಚ್ಚಿನವರಿಗೆ ಸಿಗುವುದಿಲ್ಲ. ಒಬ್ಬರಿಗೆ ಒಂದೇ ಬಾರಿ.

ಎಷ್ಟು ಹಣ ಬರುತ್ತದೆ?

ಬೋಧನಾ ಶುಲ್ಕವನ್ನು ವಿಶ್ವವಿದ್ಯಾಲಯ ನಿಗದಿಪಡಿಸಿದಷ್ಟೇ ಸರ್ಕಾರ ಭರಿಸುತ್ತದೆ. ಹಣ ವಿದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿಯ ಮೂಲಕ ಪಾವತಿಯಾಗುತ್ತದೆ. ವಾಸ ಮತ್ತು ಊಟದ ಖರ್ಚಿಗೆ ಅಮೆರಿಕ ಹಾಗೂ ಇತರ ದೇಶಗಳಲ್ಲಿ ವರ್ಷಕ್ಕೆ 15,400 ಡಾಲರ್, ಬ್ರಿಟನ್‌ನಲ್ಲಿ 9,900 ಪೌಂಡ್ ನಿರ್ವಹಣಾ ಭತ್ಯೆ ಇದೆ. ಪುಸ್ತಕ, ಉಪಕರಣ, ಅಧ್ಯಯನ ಪ್ರವಾಸದಂತಹ ಖರ್ಚುಗಳಿಗೆ ಪ್ರತ್ಯೇಕವಾಗಿ ವರ್ಷಕ್ಕೆ 1,500 ಡಾಲರ್ ಅಥವಾ 1,100 ಪೌಂಡ್ ಸಿಗುತ್ತದೆ. ವೀಸಾ ಶುಲ್ಕ, ವೈದ್ಯಕೀಯ ವಿಮೆ, ಎಕಾನಮಿ ದರ್ಜೆಯ ವಿಮಾನ ಪ್ರಯಾಣವೂ ಸೇರಿದೆ. ಸ್ನಾತಕೋತ್ತರಕ್ಕೆ ಗರಿಷ್ಠ 3 ವರ್ಷ, ಪಿಎಚ್‌ಡಿಗೆ ಗರಿಷ್ಠ 4 ವರ್ಷ.

ಇಲ್ಲೊಂದು ಎಚ್ಚರ ಬೇಕು. 9,900 ಪೌಂಡನ್ನು 12 ತಿಂಗಳಿಗೆ ಭಾಗಿಸಿದರೆ ತಿಂಗಳಿಗೆ 825 ಪೌಂಡ್. ವಿದ್ಯಾರ್ಥಿ ವೀಸಾಕ್ಕೆ ಜೀವನ ವೆಚ್ಚವೆಂದು ತೋರಿಸಬೇಕಾದ ಮೊತ್ತವನ್ನು ಬ್ರಿಟನ್ ಸರ್ಕಾರ 2025ರ ಜನವರಿಯಲ್ಲಿ ಲಂಡನ್‌ಗೆ ತಿಂಗಳಿಗೆ 1,483 ಪೌಂಡ್, ಲಂಡನ್ ಹೊರಗೆ 1,136 ಪೌಂಡ್ ಎಂದು ನಿಗದಿ ಮಾಡಿತ್ತು. ಹಾಗಾಗಿ ವಿಶ್ವವಿದ್ಯಾಲಯ ಆರಿಸುವಾಗ ಊರನ್ನೂ ನೋಡಿ. ಲಂಡನ್‌ನಲ್ಲಿ ಬಾಡಿಗೆಗೇ ಸಾಲದ ಭತ್ಯೆಯಲ್ಲಿ ಶೆಫೀಲ್ಡ್, ಗ್ಲಾಸ್ಗೋ ಅಥವಾ ಲೀಡ್ಸ್‌ನಲ್ಲಿ ಬಿಗಿಯಾಗಿಯಾದರೂ ದಿನ ದೂಡಬಹುದು. ಸಂಶೋಧನಾ ಅಥವಾ ಬೋಧನಾ ಸಹಾಯಕರಾಗಿ ಗಳಿಸಲು ಅವಕಾಶವಿದೆ. ಆದರೆ ಅದಕ್ಕೂ ಮಿತಿ ಇದೆ: ವರ್ಷಕ್ಕೆ 2,400 ಡಾಲರ್ ಅಥವಾ 1,560 ಪೌಂಡ್.

ಅರ್ಜಿಯ ಜೀವಾಳ: ಷರತ್ತಿಲ್ಲದ ಪ್ರವೇಶ ಪತ್ರ

ಹೆಚ್ಚಿನವರು ಎಡವುವುದು ಇಲ್ಲೇ. ಸ್ಕಾಲರ್‌ಶಿಪ್ ಸಿಕ್ಕ ಮೇಲೆ ವಿಶ್ವವಿದ್ಯಾಲಯ ಹುಡುಕೋಣ ಎಂದರೆ ನಡೆಯುವುದಿಲ್ಲ. ಅರ್ಜಿ ಹಾಕುವಾಗಲೇ ಕೈಯಲ್ಲಿ ಅನ್‌ಕಂಡಿಷನಲ್ ಆಫರ್ ಲೆಟರ್, ಅಂದರೆ ಯಾವ ಷರತ್ತೂ ಇಲ್ಲದ ಪ್ರವೇಶ ಪತ್ರ ಇರಬೇಕು.

ವಿದೇಶಿ ವಿಶ್ವವಿದ್ಯಾಲಯಗಳು, ವಿಶೇಷವಾಗಿ ಬ್ರಿಟನ್‌ನವು, ಮೊದಲು ಕೊಡುವುದು ಸಾಮಾನ್ಯವಾಗಿ ಷರತ್ತಿನ ಪತ್ರ. 'ಅಂತಿಮ ಅಂಕಪಟ್ಟಿ ಸಲ್ಲಿಸಿದರೆ', 'ಐಇಎಲ್‌ಟಿಎಸ್‌ನಲ್ಲಿ ಇಷ್ಟು ಅಂಕ ತಂದರೆ', 'ಪದವಿ ಪ್ರಮಾಣಪತ್ರ ತೋರಿಸಿದರೆ' ಪ್ರವೇಶ ಎಂದು ಅದರಲ್ಲಿ ಬರೆದಿರುತ್ತದೆ. ಮೇಲೆ ವಿಶ್ವವಿದ್ಯಾಲಯದ ಲಾಂಛನ, ಕೆಳಗೆ ಅಭಿನಂದನೆ ಇದ್ದರೂ ಈ ಯೋಜನೆಯ ಲೆಕ್ಕದಲ್ಲಿ ಅದು ಪ್ರವೇಶ ಪತ್ರವಲ್ಲ. ಪತ್ರ ಬಂದ ದಿನವೇ ಷರತ್ತುಗಳ ಭಾಗವನ್ನು ಓದಿ. ಒಂದೊಂದನ್ನೂ ಪೂರೈಸಿ, ಪ್ರವೇಶ ವಿಭಾಗಕ್ಕೆ ಇಮೇಲ್ ಬರೆದು ಹೊಸ ಪತ್ರ ಪಡೆಯಿರಿ.

ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ಇಲ್ಲೇ ದೊಡ್ಡ ತೊಡಕು. ನಮ್ಮಲ್ಲಿ ಅಂತಿಮ ಸೆಮಿಸ್ಟರ್ ಫಲಿತಾಂಶ ಬರುವುದು ಜೂನ್, ಜುಲೈ ಅಥವಾ ಅದಕ್ಕೂ ತಡವಾಗಿ. ಸ್ಕಾಲರ್‌ಶಿಪ್ ಪೋರ್ಟಲ್ ಅದಕ್ಕೆ ಎಷ್ಟೋ ಮೊದಲೇ ಮುಚ್ಚಿರುತ್ತದೆ. ಅಂತಿಮ ಅಂಕಪಟ್ಟಿ ಇಲ್ಲದೆ ಷರತ್ತು ತೆಗೆಸುವುದು ಕಷ್ಟ. ಹೀಗಾಗಿ ಪದವಿ ಮುಗಿದ ವರ್ಷವೇ ಹಾರಿಬಿಡುವ ಆತುರಕ್ಕಿಂತ, ಒಂದು ವರ್ಷ ಕೆಲಸ ಮಾಡುತ್ತಾ ತಯಾರಿ ನಡೆಸಿ ಮುಂದಿನ ವರ್ಷ ಅರ್ಜಿ ಹಾಕುವುದು ಜಾಣತನ. ಉದ್ಯೋಗದಲ್ಲಿದ್ದರೆ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಬೇಕಾಗುತ್ತದೆ ಎಂಬುದನ್ನು ಮರೆಯಬೇಡಿ.

ಇನ್ನೊಂದು ವಿಷಯ. ಆಯ್ಕೆಯಲ್ಲಿ ವಿಶ್ವವಿದ್ಯಾಲಯದ ಶ್ರೇಯಾಂಕಕ್ಕೆ ಹೆಚ್ಚಿನ ತೂಕವಿದೆ. 480ನೇ ಸ್ಥಾನದ ವಿಶ್ವವಿದ್ಯಾಲಯದ ಪತ್ರ ಹಿಡಿದವರು ಅರ್ಹರು ನಿಜ, ಆದರೆ 80ನೇ ಸ್ಥಾನದ ವಿಶ್ವವಿದ್ಯಾಲಯದ ಪತ್ರ ಇರುವವರು ಮುಂದೆ ನಿಲ್ಲುತ್ತಾರೆ. ಐದಾರು ಕಡೆ ಅರ್ಜಿ ಹಾಕಿ, ಬಂದ ಪತ್ರಗಳಲ್ಲಿ ಉತ್ತಮ ಶ್ರೇಯಾಂಕದ್ದನ್ನು ಆರಿಸಿ. ಆಯ್ಕೆಯಾದ ನಂತರ ವಿಶ್ವವಿದ್ಯಾಲಯವನ್ನಾಗಲೀ ಕೋರ್ಸನ್ನಾಗಲೀ ಬದಲಿಸಲು ಅವಕಾಶವಿಲ್ಲ.

ವಿಷಯದ ಮೇಲೂ ನಿರ್ಬಂಧವಿದೆ

2022-23ರಿಂದ ಒಂದು ಬದಲಾವಣೆ ಜಾರಿಯಲ್ಲಿದೆ. ಭಾರತೀಯ ಸಂಸ್ಕೃತಿ, ಪರಂಪರೆ, ಇತಿಹಾಸ ಹಾಗೂ ಭಾರತವನ್ನು ಕುರಿತ ಸಾಮಾಜಿಕ ಅಧ್ಯಯನಗಳಿಗೆ ಈ ವಿದ್ಯಾರ್ಥಿವೇತನ ಅನ್ವಯವಾಗುವುದಿಲ್ಲ. ಇದಕ್ಕೆ ಆಗ ವಿದ್ಯಾರ್ಥಿಗಳು, ಅಧ್ಯಾಪಕರಿಂದ ಸಾಕಷ್ಟು ವಿರೋಧ ಬಂದಿತ್ತು. ಮಾನವಿಕ ವಿಷಯಗಳಲ್ಲಿ ಪಿಎಚ್‌ಡಿ ಮಾಡಬಯಸುವವರು ಸಂಶೋಧನಾ ಪ್ರಸ್ತಾವ ಬರೆಯುವ ಮೊದಲೇ ಆ ವರ್ಷದ ಮಾರ್ಗಸೂಚಿ ಓದಬೇಕು. ಪ್ರವೇಶ ಸಿಕ್ಕಿ, ಮೇಲ್ವಿಚಾರಕರು ಒಪ್ಪಿದ ಮೇಲೆ ವಿಷಯವೇ ಪಟ್ಟಿಯಿಂದ ಹೊರಗಿದೆ ಎಂದು ಗೊತ್ತಾದರೆ ಒಂದು ವರ್ಷದ ಶ್ರಮ ವ್ಯರ್ಥ.

ಹೊರರಾಜ್ಯದ ಕನ್ನಡಿಗರು ಗಮನಿಸಲೇಬೇಕಾದ ಮಾತು

ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಿಂದ ಮುಂಬೈ, ಪುಣೆ, ಹೈದರಾಬಾದ್‌ಗೆ ದುಡಿಯಲು ಹೋಗಿ ಅಲ್ಲೇ ನೆಲೆ ನಿಂತ ಕುಟುಂಬಗಳು ಸಾವಿರಾರು. ಮಕ್ಕಳು ಹುಟ್ಟಿದ್ದು, ಓದಿದ್ದು ಎಲ್ಲವೂ ಅಲ್ಲೇ. ಇಂಥ ಕುಟುಂಬದ ಹುಡುಗಿಯೊಬ್ಬಳು ಪುಣೆಯಲ್ಲಿ ಬಿ.ಇ. ಮುಗಿಸಿದ್ದಾಳೆ ಎಂದುಕೊಳ್ಳಿ. ಆಕೆ ಜಾತಿ ಪ್ರಮಾಣಪತ್ರ ಎಲ್ಲಿಂದ ತರಬೇಕು?

ನಿಯಮ ಹೀಗಿದೆ: ಶಿಕ್ಷಣಕ್ಕೋ ಉದ್ಯೋಗಕ್ಕೋ ಬೇರೆ ರಾಜ್ಯಕ್ಕೆ ವಲಸೆ ಹೋದ ಪರಿಶಿಷ್ಟ ಜಾತಿಯ ವ್ಯಕ್ತಿ ತನ್ನ ಮೂಲ ರಾಜ್ಯದ ಪರಿಶಿಷ್ಟ ಜಾತಿಗೆ ಸೇರಿದವನೆಂದೇ ಪರಿಗಣಿತ. ಆತನಿಗೆ ಮೂಲ ರಾಜ್ಯದ ಹಾಗೂ ಕೇಂದ್ರದ ಸೌಲಭ್ಯ ಸಿಗುತ್ತದೆ, ಹೋಗಿ ನೆಲೆಸಿದ ರಾಜ್ಯದ್ದಲ್ಲ. ಮೂಲ ರಾಜ್ಯ ಯಾವುದೆಂದು ನೋಡುವಾಗ 1950ರ ರಾಷ್ಟ್ರಪತಿ ಆದೇಶದ ಹೊತ್ತಿಗೆ ಕುಟುಂಬದ ಕಾಯಂ ನೆಲೆ ಎಲ್ಲಿತ್ತು ಎಂಬುದು ಮುಖ್ಯ. ನೆಲೆಸಿದ ರಾಜ್ಯದ ಅಧಿಕಾರಿಗಳು ತಂದೆಯ ಮೂಲ ಪ್ರಮಾಣಪತ್ರದ ಆಧಾರದ ಮೇಲೆ ಪ್ರಮಾಣಪತ್ರ ಕೊಡಲು ಅವಕಾಶವಿದೆ. ಆದರೆ ಅದರಲ್ಲೂ ಮೂಲ ರಾಜ್ಯದ ಹೆಸರೇ ಇರುತ್ತದೆ.

ಇದು ಬರೀ ಕಾಗದದ ಮಾತಲ್ಲ. ಜಾತಿಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಲಂಬಾಣಿ ಸಮುದಾಯ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಪುಣೆಯಲ್ಲಿ ನೆಲೆಸಿದ ಕರ್ನಾಟಕ ಮೂಲದ ಲಂಬಾಣಿ ಕುಟುಂಬ ಅಲ್ಲಿನ ವರ್ಗವನ್ನೇ ಅರ್ಜಿಯಲ್ಲಿ ನಮೂದಿಸಿದರೆ 115 ಸ್ಥಾನಗಳ ಬಾಗಿಲು ಬಿಟ್ಟು 6 ಸ್ಥಾನಗಳ ಬಾಗಿಲಲ್ಲಿ ನಿಂತಂತೆ. ಜೊತೆಗೆ ಕಾಗದಪತ್ರವೂ ತಾಳೆಯಾಗುವುದಿಲ್ಲ.

ಹಾಗಾಗಿ ಊರಿನ ಜಾತ್ರೆಗೋ ಹಬ್ಬಕ್ಕೋ ಹೋದಾಗ ನಾಡಕಚೇರಿಯ ಕೆಲಸವನ್ನೂ ಮುಗಿಸಿಕೊಂಡು ಬನ್ನಿ. ತಂದೆಯ ಶಾಲಾ ದಾಖಲೆ, ತಂದೆಯ ಜಾತಿ ಪ್ರಮಾಣಪತ್ರ, ಊರಿನ ಪಹಣಿ ಅಥವಾ ಹಳೆಯ ಪಡಿತರ ಚೀಟಿ ಇದ್ದರೆ ಜೊತೆಗಿರಲಿ. ಕೇಂದ್ರ ಸರ್ಕಾರದ ನಮೂನೆಯಲ್ಲಿ, ಇಂಗ್ಲಿಷ್‌ನಲ್ಲಿ ಪ್ರಮಾಣಪತ್ರ ಬೇಕೆಂದು ಅರ್ಜಿ ಕೊಡುವಾಗಲೇ ಹೇಳಿ. ಬರೀ ಕನ್ನಡದಲ್ಲಿರುವ ಪ್ರಮಾಣಪತ್ರವನ್ನು ದೆಹಲಿಯಲ್ಲಿ ಕುಳಿತು ಪರಿಶೀಲಿಸುವವರು ಓದಲಾರರು.

ಆದಾಯ ಮತ್ತು ಹೆಸರು: ಸಣ್ಣದೆನಿಸುವ ಎರಡು ತೊಡಕು

ಆದಾಯದ 8 ಲಕ್ಷ ಮಿತಿ ಕೇಳಲು ದೊಡ್ಡದೆನಿಸಬಹುದು. ನಗರದಲ್ಲಿ ತಂದೆ ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ಕೆಲಸದಲ್ಲಿದ್ದು, ತಾಯಿಗೂ ಸಂಬಳ ಬರುತ್ತಿದ್ದರೆ ಮಿತಿ ದಾಟುವುದು ಸುಲಭ. ಆದಾಯ ಪ್ರಮಾಣಪತ್ರದಲ್ಲಿ ಒಂದು ಮೊತ್ತ, ಆದಾಯ ತೆರಿಗೆ ವಿವರದಲ್ಲಿ ಇನ್ನೊಂದು ಮೊತ್ತ ಇದ್ದರೆ ಅರ್ಜಿಗೆ ಪೆಟ್ಟು ಬೀಳುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ನಂತರ ಅಪ್‌ಲೋಡ್ ಮಾಡಿ.

ಇನ್ನು ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಮಂಜುನಾಥ ಎಚ್.', ಆಧಾರ್‌ನಲ್ಲಿ 'ಮಂಜುನಾಥ್ ಹನುಮಂತಪ್ಪ', ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರೇ ಸರ್‌ನೇಮ್. ನಮ್ಮಲ್ಲಿ ಇದು ಮನೆಮನೆಯ ಕಥೆ. ಊರಿನಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಸ್ಕಾಲರ್‌ಶಿಪ್, ವಿಶ್ವವಿದ್ಯಾಲಯ, ವೀಸಾ ಮೂರೂ ಕಡೆ ಪಾಸ್‌ಪೋರ್ಟ್ ಹೆಸರೇ ಅಂತಿಮ. ಪಾಸ್‌ಪೋರ್ಟ್ ಮಾಡಿಸುವಾಗಲೇ ಅಂಕಪಟ್ಟಿಗೆ ಹೊಂದಿಸಿ. ಈಗಾಗಲೇ ವ್ಯತ್ಯಾಸವಿದ್ದರೆ, ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ ಸಿದ್ಧವಿರಲಿ.

ಅಂಕಪಟ್ಟಿಯಲ್ಲಿ ಸಿಜಿಪಿಎ ಮಾತ್ರ ಇದ್ದರೆ ಅದನ್ನು ಶೇಕಡಾವಾರಿಗೆ ಪರಿವರ್ತಿಸಿದ ಪತ್ರವನ್ನು ವಿಶ್ವವಿದ್ಯಾಲಯದಿಂದಲೇ ಪಡೆಯಿರಿ. ನೀವೇ ಲೆಕ್ಕ ಹಾಕಿ ಬರೆದರೆ ಸಾಲದು.

ತಿಂಗಳವಾರು ತಯಾರಿ ಹೀಗಿರಲಿ

ಪೋರ್ಟಲ್ ಯಾವ ದಿನ ತೆರೆಯುತ್ತದೆ ಎಂಬುದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. 2024-25ನೇ ಸಾಲಿಗೆ ಫೆಬ್ರವರಿ ಮಧ್ಯದಿಂದ ಮಾರ್ಚ್ ಕೊನೆಯವರೆಗೆ ಅವಕಾಶವಿತ್ತು. ಫೆಬ್ರವರಿಯನ್ನೇ ಗುರಿಯಾಗಿಟ್ಟುಕೊಂಡರೆ ಹಿಂದಿನ ತಿಂಗಳುಗಳ ಕೆಲಸ ಹೀಗೆ ಹಂಚಿಕೊಳ್ಳಬಹುದು:

* ಜುಲೈ–ಆಗಸ್ಟ್: ಪಾಸ್‌ಪೋರ್ಟ್, ಅಂತಿಮ ಅಂಕಪಟ್ಟಿ, ಪದವಿ ಪ್ರಮಾಣಪತ್ರ. ವಿಶ್ವವಿದ್ಯಾಲಯದಿಂದ ಮುಚ್ಚಿದ ಲಕೋಟೆಯ ಟ್ರಾನ್ಸ್‌ಕ್ರಿಪ್ಟ್‌ಗೆ ಅರ್ಜಿ. ಇದಕ್ಕೆ ವಾರಗಳೇ ಹಿಡಿಯಬಹುದು.
* ಸೆಪ್ಟೆಂಬರ್–ಅಕ್ಟೋಬರ್: ಐಇಎಲ್‌ಟಿಎಸ್ ಅಥವಾ ಟೋಫೆಲ್. ಶುಲ್ಕ ದುಬಾರಿ, ಹಾಗಾಗಿ ಒಂದೇ ಬಾರಿಗೆ ಮುಗಿಸುವ ತಯಾರಿ ಇರಲಿ. ಕೆಲವು ವಿಶ್ವವಿದ್ಯಾಲಯಗಳು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದೀರಿ ಎಂಬ ಕಾಲೇಜಿನ ಪತ್ರವನ್ನೇ ಒಪ್ಪುತ್ತವೆ. ಮೊದಲೇ ಕೇಳಿ ನೋಡಿ. ಶಿಫಾರಸು ಪತ್ರಕ್ಕಾಗಿ ಅಧ್ಯಾಪಕರನ್ನು ಈಗಲೇ ಭೇಟಿ ಮಾಡಿ.
* ಅಕ್ಟೋಬರ್–ಜನವರಿ: ವಿಶ್ವವಿದ್ಯಾಲಯಗಳಿಗೆ ಅರ್ಜಿ. ಅಮೆರಿಕದಲ್ಲಿ ಹೆಚ್ಚಿನವು ಡಿಸೆಂಬರ್–ಜನವರಿಗೆ ಅರ್ಜಿ ಮುಗಿಸಿ, ಮಾರ್ಚ್ ಆಸುಪಾಸು ಉತ್ತರಿಸುತ್ತವೆ. ಬ್ರಿಟನ್‌ನ ಹಲವು ವಿಶ್ವವಿದ್ಯಾಲಯಗಳು ಬಂದ ಅರ್ಜಿಗಳನ್ನು ಆಗಿಂದಾಗಲೇ ಪರಿಶೀಲಿಸುವುದರಿಂದ ಅಕ್ಟೋಬರ್‌ನಲ್ಲೇ ಹಾಕಿದರೆ ಪತ್ರ ಬೇಗ ಕೈಸೇರುತ್ತದೆ. ಶುಲ್ಕ ವಿನಾಯಿತಿ ಇದೆಯೇ ಎಂದು ಬರೆದು ಕೇಳಲು ಹಿಂಜರಿಯಬೇಡಿ.
* ಜನವರಿ–ಫೆಬ್ರವರಿ: ಷರತ್ತುಗಳನ್ನು ತೆಗೆಸುವುದು, ಹೊಸ ಆದಾಯ ಪ್ರಮಾಣಪತ್ರ, ಎಲ್ಲ ದಾಖಲೆಗಳ ಸ್ಪಷ್ಟ ಸ್ಕ್ಯಾನ್.
* ಫೆಬ್ರವರಿಯಿಂದ: ಸಚಿವಾಲಯದ ಪೋರ್ಟಲ್‌ನಲ್ಲಿ ಆನ್‌ಲೈನ್ ಅರ್ಜಿ. ಕೊನೆಯ ದಿನದವರೆಗೆ ಕಾಯಬೇಡಿ.

ಅರ್ಜಿ ಆನ್‌ಲೈನ್‌ನಲ್ಲಿ ಮಾತ್ರ. ಜಾಲತಾಣದ ವಿಳಾಸ 'ಜಿಒವಿ ಡಾಟ್ ಇನ್' ಎಂದು ಮುಗಿಯುತ್ತದೆಯೇ ನೋಡಿ. 'ಒಳಗೆ ನಮ್ಮವರಿದ್ದಾರೆ, ಸೀಟು ಮಾಡಿಸಿಕೊಡುತ್ತೇವೆ' ಎನ್ನುವ ಏಜೆಂಟರನ್ನು ದೂರವಿಡಿ.

ಆಯ್ಕೆಯಾದ ಮೇಲೂ ಕಾಯುವಿಕೆ ಇದೆ

ಪಟ್ಟಿಯಲ್ಲಿ ಹೆಸರು ಬಂದರೆ ಹಣ ಬಂದಂತೆ ಅಲ್ಲ. 2025ರಲ್ಲಿ ಆಯ್ಕೆಯಾದ 106 ಮಂದಿಯ ಪೈಕಿ ಮೊದಲ ಹಂತದಲ್ಲಿ ತಾತ್ಕಾಲಿಕ ಮಂಜೂರಾತಿ ಪತ್ರ ಸಿಕ್ಕಿದ್ದು 40 ಮಂದಿಗೆ ಮಾತ್ರ. ಉಳಿದ 66 ಮಂದಿಗೆ ಹಣದ ಲಭ್ಯತೆ ನೋಡಿಕೊಂಡು ಪತ್ರ ನೀಡಲಾಗುವುದು ಎಂದು ಸಚಿವಾಲಯ ತಿಳಿಸಿತ್ತು. ಸೆಪ್ಟೆಂಬರ್‌ನಲ್ಲಿ ತರಗತಿ ಆರಂಭ, ಜುಲೈನಲ್ಲಿ ಈ ಅನಿಶ್ಚಿತತೆ. ಆ ವಿದ್ಯಾರ್ಥಿಗಳ ಮನೆಗಳಲ್ಲಿ ಹೇಗಿದ್ದಿರಬಹುದು ಎಂದು ಊಹಿಸಬಹುದು.

ಇದರಿಂದ ಕಲಿಯಬೇಕಾದದ್ದು ಎರಡು. ಒಂದು, ಮಂಜೂರಾತಿ ಪತ್ರ ಕೈಗೆ ಬರುವವರೆಗೆ ಇರುವ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ, ಸಾಲ ಮಾಡಿ ಟಿಕೆಟ್ ಕಾಯ್ದಿರಿಸಬೇಡಿ. ಎರಡು, ವಿಶ್ವವಿದ್ಯಾಲಯ ಮುಂಗಡ ಕಟ್ಟಲು ಹೇಳಿದರೆ ಸುಮ್ಮನಿರಬೇಡಿ. 'ಭಾರತ ಸರ್ಕಾರದ ವಿದ್ಯಾರ್ಥಿವೇತನದ ನಿರೀಕ್ಷೆಯಲ್ಲಿದ್ದೇನೆ, ಗಡುವು ವಿಸ್ತರಿಸಿ, ಅಗತ್ಯ ಬಿದ್ದರೆ ಪ್ರವೇಶವನ್ನು ಮುಂದಿನ ವರ್ಷಕ್ಕೆ ಮುಂದೂಡಲು ಸಾಧ್ಯವೇ?' ಎಂದು ಬರೆದು ಕೇಳಿ. ಕೇಳಿದ್ದಕ್ಕೆ ಯಾರೂ ಸೀಟು ಕಸಿಯುವುದಿಲ್ಲ. ಉತ್ತರವನ್ನು ಇಮೇಲ್‌ನಲ್ಲೇ ಪಡೆಯಿರಿ.

ಮಂಜೂರಾದ ನಂತರ ಛಾಪಾ ಕಾಗದದಲ್ಲಿ ಕರಾರು ಪತ್ರ ಹಾಗೂ ಜಾಮೀನು ಪತ್ರ ಕೊಡಬೇಕಾಗುತ್ತದೆ. ಜಾಮೀನು ನಿಲ್ಲುವವರನ್ನು ಮೊದಲೇ ಮಾತಾಡಿಸಿಡಿ. ಎಷ್ಟೋ ಮನೆಗಳಲ್ಲಿ ಕೊನೆಯ ಗಳಿಗೆಯ ಓಡಾಟ ಇದಕ್ಕೇ ಆಗುತ್ತದೆ. ವೀಸಾ ಹಂತದಲ್ಲಿ ಸರ್ಕಾರದ ಮಂಜೂರಾತಿ ಪತ್ರ ದೊಡ್ಡ ನೆರವು. ಬ್ರಿಟನ್ ವೀಸಾಕ್ಕೆ ಬ್ಯಾಂಕ್ ಖಾತೆಯಲ್ಲಿ 28 ದಿನ ಹಣ ಇಟ್ಟು ತೋರಿಸುವ ಬದಲು, ಶುಲ್ಕ ಮತ್ತು ಜೀವನ ವೆಚ್ಚ ಭರಿಸುವ ಸರ್ಕಾರದ ಪತ್ರವನ್ನು ಕೊಡಬಹುದು. ಆದರೆ ಓದು ಮುಗಿದ ಮೇಲೆ ಅಲ್ಲೇ ಬೇರೆ ವೀಸಾಕ್ಕೆ ಅರ್ಜಿ ಹಾಕಬೇಕಿದ್ದರೆ, ಹಿಂದಿನ 12 ತಿಂಗಳಲ್ಲಿ ವೆಚ್ಚ ಭರಿಸಿದ ಸರ್ಕಾರದ ಲಿಖಿತ ಒಪ್ಪಿಗೆ ಬೇಕಾಗುತ್ತದೆ ಎಂಬುದು ನೆನಪಿರಲಿ.

ಈ ಯೋಜನೆಗೆ ಬಾರದವರಿಗೆ ದಾರಿ ಏನು?

ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ವ್ಯವಹಾರಗಳ ಸಚಿವಾಲಯ ಇದೇ ಹೆಸರಿನ ಪ್ರತ್ಯೇಕ ಯೋಜನೆ ನಡೆಸುತ್ತದೆ. ಅದರಲ್ಲಿ ವರ್ಷಕ್ಕೆ 20 ಸ್ಥಾನ. ಅದರ ಪೈಕಿ 3 ವಿಶೇಷವಾಗಿ ದುರ್ಬಲ ಬುಡಕಟ್ಟುಗಳಿಗೆ. ಕರ್ನಾಟಕದ ಕೊರಗ ಮತ್ತು ಜೇನುಕುರುಬ ಸಮುದಾಯಗಳು ಈ ವರ್ಗದಲ್ಲಿ ಬರುತ್ತವೆ.

ಕರ್ನಾಟಕ ಸರ್ಕಾರದ ಸಮಾಜ ಕಲ್ಯಾಣ ಇಲಾಖೆ ಪರಿಶಿಷ್ಟ ಜಾತಿ, ಪಂಗಡದವರಿಗಾಗಿ 'ಪ್ರಬುದ್ಧ' ಹೆಸರಿನ ಯೋಜನೆ ರೂಪಿಸಿದೆ. ಮಹಾರಾಷ್ಟ್ರದ ರಾಜರ್ಷಿ ಶಾಹು ಮಹಾರಾಜ ವಿದೇಶ ವಿದ್ಯಾರ್ಥಿವೇತನದಲ್ಲಿ ವರ್ಷಕ್ಕೆ 75 ಸ್ಥಾನಗಳಿವೆ. ತೆಲಂಗಾಣದ ಅಂಬೇಡ್ಕರ್ ಸಾಗರೋತ್ತರ ವಿದ್ಯಾನಿಧಿಯಲ್ಲಿ 20 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. ಇವೆಲ್ಲವೂ ಆಯಾ ರಾಜ್ಯದವರಿಗೆ ಮೀಸಲು. ವಲಸೆ ಕುಟುಂಬಗಳಿಗೆ ನೆಲೆಸಿದ ರಾಜ್ಯದ ಬಾಗಿಲು ತೆರೆಯುವುದು ಕಷ್ಟ. ಹಾಗಾಗಿಯೇ ಕೇಂದ್ರದ ಯೋಜನೆ ಅವರಿಗೆ ಹೆಚ್ಚು ಮುಖ್ಯ.

ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಶಿಕ್ಷಣ ಸಾಲಕ್ಕೆ ಬಡ್ಡಿ ನೆರವು ನೀಡುತ್ತಿದ್ದ ಕೇಂದ್ರದ 'ಪಢೋ ಪರದೇಶ್' 2022-23ರಿಂದ ನಿಂತಿದೆ. ಹಳೆಯ ಲೇಖನಗಳನ್ನು ನಂಬಿ ಅದಕ್ಕಾಗಿ ಕಾಯಬೇಡಿ.

ಜಾತಿ, ಆದಾಯದ ಮಿತಿ ಇಲ್ಲದ ದಾರಿಗಳೂ ಇವೆ. ಭಾರತ–ಅಮೆರಿಕ ಸರ್ಕಾರಗಳು ಜಂಟಿಯಾಗಿ ನೀಡುವ ಫುಲ್‌ಬ್ರೈಟ್–ನೆಹರೂ, ಬ್ರಿಟನ್ ಸರ್ಕಾರದ ಚೀವ್ನಿಂಗ್, ಜರ್ಮನಿಯ ಡಾಡ್, ಜಪಾನ್ ಸರ್ಕಾರದ ಮೆಕ್ಸ್ಟ್ ಅವುಗಳಲ್ಲಿ ಕೆಲವು. ಚೀವ್ನಿಂಗ್‌ಗೆ ಎರಡು ವರ್ಷದ ಕೆಲಸದ ಅನುಭವ ಬೇಕು, ಓದು ಮುಗಿಸಿ ಕನಿಷ್ಠ ಎರಡು ವರ್ಷ ತಾಯ್ನಾಡಿಗೆ ಮರಳಬೇಕು.

ಕೊನೆಯದಾಗಿ

ನೀವು ಈಗ ಪದವಿಯ ಕೊನೆಯ ವರ್ಷದಲ್ಲಿದ್ದರೆ, ಅಥವಾ ನಿಮ್ಮ ಮನೆಯಲ್ಲಿ ಅಂಥ ಮಗನೋ ಮಗಳೋ ಇದ್ದರೆ, ಈ ವಾರ ಮೂರೇ ಕೆಲಸ ಮಾಡಿ. ಪಾಸ್‌ಪೋರ್ಟ್ ಮತ್ತು ಅಂಕಪಟ್ಟಿಯ ಹೆಸರು ಹೋಲಿಸಿ ನೋಡಿ. ಜಾತಿ ಪ್ರಮಾಣಪತ್ರದಲ್ಲಿ ಯಾವ ರಾಜ್ಯದ ಹೆಸರಿದೆ ಎಂದು ಗಮನಿಸಿ. ಕಳೆದ ಸಾಲಿನ ಮಾರ್ಗಸೂಚಿಯನ್ನು ಸಚಿವಾಲಯದ ಜಾಲತಾಣದಿಂದ ಇಳಿಸಿಕೊಂಡು ಒಮ್ಮೆ ಪೂರ್ತಿ ಓದಿ. ಹೊಸ ಪ್ರಕಟಣೆ ಬಂದ ದಿನ ಏನು ಬದಲಾಗಿದೆ ಎಂದಷ್ಟೇ ನೋಡಿದರೆ ಸಾಕು.

ತಿರಸ್ಕೃತವಾದ ಆ 270 ಅರ್ಜಿಗಳ ಹಿಂದೆಯೂ ಓದುವ ಹಂಬಲವಿದ್ದ ಮಕ್ಕಳೇ ಇದ್ದರು. ಮುಂದಿನ ಪಟ್ಟಿಯಲ್ಲಿ ಆ ಸಂಖ್ಯೆ ಇಳಿಯಬೇಕಾದರೆ ತಯಾರಿ ಫೆಬ್ರವರಿಯಲ್ಲಲ್ಲ, ಹಿಂದಿನ ಜುಲೈನಲ್ಲೇ ಶುರುವಾಗಬೇಕು.